ಬೈಕಿನಿಂದ ಬಿದ್ದ ಮೇಲೆ ಮಗ ಹಿಂದೆ ಕೂರಲು ಒಪ್ಪುತ್ತಿಲ್ಲ. ಏನು ಮಾಡಲಿ?

ಅಮ್ಮನ ಬೈಕು

ನನ್ನ ಮಗನಿಗೆ 9 ವರ್ಷ. ನಾನು ಬೈಕ್ ತೆಗೆದರೆ ಸಾಕು, ಕರೆಯುವ ಮುಂಚೆಯೇ ಹಿಂದೆ ಹತ್ತಿ ಕೂತಿರುತ್ತಿದ್ದ. ಈಗ ಇಂಜಿನ್ ಸದ್ದು ಕೇಳಿದರೆ ಒಳಗೆ ಓಡುತ್ತಾನೆ.

ಆಗಿದ್ದು ಇಷ್ಟು. ತಿರುವಿನಲ್ಲಿ ಯಾವುದೋ ಗಾಡಿಯಿಂದ ಡೀಸೆಲ್ ಚೆಲ್ಲಿತ್ತು. ಮೇಲೆ ತುಂತುರು ಮಳೆ ಬೇರೆ. ವೇಗ ಏನೂ ಇರಲಿಲ್ಲ. ಆದರೂ ಹಿಂದಿನ ಚಕ್ರ ಜಾರಿ ಬೈಕ್ ಎಡಕ್ಕೆ ಮಲಗಿತು. ಕ್ರ್ಯಾಶ್ ಗಾರ್ಡ್ ಇದ್ದಿದ್ದರಿಂದ ಕಾಲು ಕೆಳಗೆ ಸಿಕ್ಕಿಕೊಳ್ಳಲಿಲ್ಲ. ಅವನಿಗೆ ಮೊಣಕೈ, ಮಂಡಿ ತರಚಿತು. ಹೆಲ್ಮೆಟ್ ರಸ್ತೆಗೆ ಟಕ್ ಅಂತ ಬಡಿಯಿತು. ಡಾಕ್ಟರಿಗೆ ತೋರಿಸಿದೆವು, ತಲೆಗೆ ಏನೂ ಆಗಿಲ್ಲ ಅಂದರು. ಗಾಯವೆಲ್ಲ ಆರಿದೆ.

ರಾತ್ರಿ ಕೇಳಿದರೆ "ನಾಳೆ ಬರ್ತೀನಿ" ಅನ್ನುತ್ತಾನೆ. ಬೆಳಿಗ್ಗೆ ಹೆಲ್ಮೆಟ್ ಕೈಗೆ ಕೊಟ್ಟರೆ ಹೊಟ್ಟೆನೋವು. ಮೊನ್ನೆ ಯಾರೂ ಇಲ್ಲದಾಗ ನಿಂತ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಗಾರ್ಡ್ ಮೇಲಿನ ಗೀರಿನ ಉದ್ದಕ್ಕೂ ಉಗುರು ಓಡಿಸುತ್ತಿದ್ದ. ನನ್ನನ್ನು ನೋಡಿದ್ದೇ ಎದ್ದು ಹೋದ.

ನನ್ನ ತಮ್ಮ "ಗಂಡು ಹುಡುಗ ಆಗಿ ಇಷ್ಟಕ್ಕೆಲ್ಲ ಹೆದರ್ತಾರೇನೋ" ಅಂತ ಒಂದು ಸಲ ರೇಗಿಸಿದ. ಅದಾದ ಮೇಲೆ ಇನ್ನೂ ಮೌನ. ಬಲವಂತ ಮಾಡಲು ಮನಸ್ಸಿಲ್ಲ. ಹಾಗಂತ ಬಿಟ್ಟುಬಿಟ್ಟರೆ ಈ ಭಯ ಹಾಗೇ ಉಳಿದುಬಿಡುತ್ತದೇನೋ ಅನ್ನಿಸುತ್ತದೆ. ಇಂಥದ್ದನ್ನು ದಾಟಿದವರು ಇದ್ದರೆ ಹೇಳಿ.

ನಾಲ್ಕನೇ ಗೇರ್

ಅಕ್ಕ, ಬಿದ್ದ ದಿನವೇ ವಾಪಸ್ ಹತ್ತಿಸಬೇಕಿತ್ತು. ನಮ್ಮಪ್ಪ ನನಗೆ ಹಾಗೇ ಮಾಡಿದ್ದು. ಅಳ್ತಾ ಅಳ್ತಾ ಕೂತೆ, ಮನೆ ಬರೋ ಹೊತ್ತಿಗೆ ಭಯ ಹೋಗಿತ್ತು. ಈಗಲೂ ತಡ ಆಗಿಲ್ಲ. ಎತ್ತಿ ಕೂರಿಸಿ, ಒಂದು ರೌಂಡ್ ಹೊಡೆಸಿ. ಆಮೇಲೆ ಅವನೇ ನಗ್ತಾನೆ.

ನೈಟ್ ಶಿಫ್ಟ್

ಅದೇ ದಿನ ಹತ್ತಿಸುವುದನ್ನು ನಾನಂತೂ ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ನಾನು. ತಲೆಗೆ ಪೆಟ್ಟು ಬಿದ್ದಿದ್ದು ಮೊದಮೊದಲು ಗೊತ್ತಾಗದೇ ಇರಬಹುದು. ಪದೇ ಪದೇ ವಾಂತಿ, ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು, ಹೆಚ್ಚುತ್ತಾ ಹೋಗುವ ತಲೆನೋವು, ಮಾತಿನಲ್ಲಿ ತೊದಲು, ಫಿಟ್ಸ್, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಮೊದಲ ಒಂದೆರಡು ದಿನ ಕಣ್ಣಿಟ್ಟು ನೋಡಬೇಕು. ಆ ಹೊತ್ತಿನಲ್ಲಿ ಮಗುವನ್ನು ಮತ್ತೆ ಬೈಕ್ ಮೇಲೆ ಕೂರಿಸಿ ಕುಲುಕಾಡಿಸುವುದು ಧೈರ್ಯ ಕಲಿಸುವ ದಾರಿ ಅಲ್ಲ.

ಮೇಡಂ, ನೀವು ಡಾಕ್ಟರಿಗೆ ತೋರಿಸಿದ್ದು ಒಳ್ಳೆಯದಾಯಿತು. ಹೊಟ್ಟೆನೋವು ನಾಟಕ ಅಂತ ಮಾತ್ರ ಅಂದುಕೊಳ್ಳಬೇಡಿ. ಮಕ್ಕಳಿಗೆ ಭಯ ಬಂದಾಗ ಹೊಟ್ಟೆ ನಿಜಕ್ಕೂ ನೋಯುತ್ತದೆ. ರಾತ್ರಿಯ ಹೊತ್ತು ಅವನು ಹೇಳುವ "ಬರ್ತೀನಿ"ಯೂ ಸುಳ್ಳಲ್ಲ. ಆಗ ಬೈಕ್ ದೂರದಲ್ಲಿರುತ್ತದೆ, ಅಷ್ಟೇ.

ಸಂಜೆಮಲ್ಲಿಗೆ

ನಾನು ಮಕ್ಕಳ ಆಪ್ತಸಮಾಲೋಚಕಿ. ನಾಲ್ಕನೇ ಗೇರ್ ಅವರು ಹೇಳಿದ್ದು ಕೆಲವರಿಗೆ ಸರಿಹೋಗುತ್ತದೆ, ಸುಳ್ಳೇನಲ್ಲ. ಆದರೆ ಸರಿಹೋಗದವರ ಕಥೆ ನಿಮಗೆ ಕೇಳಿಸುವುದಿಲ್ಲ. ಅವರು ಬೈಕ್ ಗ್ರೂಪ್‌ಗಳಿಗೆ ಬರುವುದೇ ಇಲ್ಲ, ಅಲ್ವಾ?

ಭಯ ಎರಡು ಕಾರಣಕ್ಕೆ ಗಟ್ಟಿಯಾಗುತ್ತದೆ. ಒಂದು, ಹೆದರಿದ ವಸ್ತುವಿನಿಂದ ಪೂರ್ತಿ ತಪ್ಪಿಸಿಕೊಳ್ಳುತ್ತಾ ಇದ್ದರೆ. ತಪ್ಪಿಸಿಕೊಂಡ ಪ್ರತಿ ಸಲವೂ ಮನಸ್ಸಿಗೆ ಹಾಯೆನಿಸುತ್ತದೆ. ಆ ಹಾಯೇ ಭಯಕ್ಕೆ ಗೊಬ್ಬರ. ಇನ್ನೊಂದು, ತನ್ನ ಮಾತಿಗೆ ಬೆಲೆಯೇ ಇಲ್ಲದ ಹಾಗೆ ಬಲವಂತವಾಗಿ ತಳ್ಳಿದರೆ. ಬಿದ್ದಾಗಲೂ ಅವನ ಕೈಯಲ್ಲಿ ಏನೂ ಇರಲಿಲ್ಲ, ಈಗಲೂ ಇಲ್ಲ. ಅದೇ ಪಾಠ ಮತ್ತೆ. ಇವೆರಡರ ನಡುವೆ ಒಂದು ದಾರಿ ಇದೆ: ಸಣ್ಣ ಹೆಜ್ಜೆ, ಆದರೆ ಹೆಜ್ಜೆ ಇಡಬೇಕೋ ಬೇಡವೋ ಅನ್ನುವುದು ಅವನ ಕೈಯಲ್ಲಿ.

ಗೀರಿನ ಮೇಲೆ ಉಗುರು ಓಡಿಸುತ್ತಿದ್ದ ಅಂದಿರಲ್ಲ, ಅದು ನನಗೆ ಒಳ್ಳೆಯ ಸೂಚನೆ ಅನ್ನಿಸಿತು. ಅವನು ಆಗಲೇ ತನ್ನಷ್ಟಕ್ಕೆ ಹತ್ತಿರ ಹೋಗುತ್ತಿದ್ದಾನೆ. ಮುಂದಿನ ಸಲ ಎದ್ದು ಹೋಗದ ಹಾಗೆ ನೀವೂ ಪಕ್ಕದಲ್ಲಿ ಕೂತುಕೊಳ್ಳಿ. ಏನಾಯಿತು ಅಂತ ಅವನ ಬಾಯಿಂದಲೇ ಹೇಳಿಸಿ. ತಿದ್ದಬೇಡಿ. "ಏನೂ ಆಗಲ್ಲ ಬಾ" ಅನ್ನಬೇಡಿ. ಆಗಿದೆಯಲ್ಲ, ಅವನು ನೋಡಿದ್ದಾನೆ. ಅದರ ಬದಲು "ಆವತ್ತು ರಸ್ತೆ ಜಾರುತ್ತಿತ್ತು, ಅದಕ್ಕೇ ಬಿದ್ದೆವು. ಈಗ ನಾನು ಏನೇನು ಮಾಡ್ತೀನಿ ಹೇಳಲಾ?" ಅನ್ನಿ.

ಒಂದು ಎಚ್ಚರಿಕೆ. ಕೆಟ್ಟ ಕನಸು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು, ಬಸ್ಸು ಕಾರಿಗೂ ಹೆದರುವುದು, ಬಿದ್ದಿದ್ದನ್ನೇ ಆಟದಲ್ಲಿ ಮತ್ತೆ ಮತ್ತೆ ಖುಷಿಯಿಲ್ಲದೆ ಆಡುವುದು, ಇವೆಲ್ಲ ಒಂದು ತಿಂಗಳು ಕಳೆದರೂ ಕಡಿಮೆಯಾಗದಿದ್ದರೆ ಮನೆಮದ್ದು ಸಾಕಾಗಲ್ಲ. ಮಕ್ಕಳ ಮಾನಸಿಕ ತಜ್ಞರನ್ನು ಕಾಣಿ.

ಅಮ್ಮನ ಬೈಕು

ಕನಸು ಮೊದಲ ವಾರ ಇತ್ತು, ಈಗ ಇಲ್ಲ. ಬಸ್ಸಿಗೆಲ್ಲ ಆರಾಮಾಗಿ ಹತ್ತುತ್ತಾನೆ. ಬೈಕ್ ಒಂದೇ ಸಮಸ್ಯೆ. "ಏನೂ ಆಗಲ್ಲ" ಅನ್ನುವುದು ನನ್ನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಇವತ್ತಿಂದ ಬಂದ್.

ಬಸ್ಸೇ ಸಾಕು

ಒಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಬಸ್ಸಿಗೆ ಆರಾಮಾಗಿ ಹತ್ತುತ್ತಾನೆ ಅಂದಮೇಲೆ ಬೈಕ್ ಯಾಕೆ ಬೇಕು? 9 ವರ್ಷದ ಮಗು ಬೇಡ ಅನ್ನುತ್ತಿದೆ. ಬೇಡ ಅಂದರೆ ಬೇಡ. ನಮಗೆ ಬೈಕ್ ಇಷ್ಟ ಅಂತ ಅವನಿಗೂ ಇಷ್ಟ ಆಗಲೇಬೇಕು ಅಂತಿದೆಯಾ?

ಅಮ್ಮನ ಬೈಕು

ಬೇಜಾರಿಲ್ಲ. ನಾನೂ ಯೋಚಿಸಿದ್ದೇನೆ. ಅವನಿಗೆ ಇಷ್ಟವೇ ಇಲ್ಲ ಅಂದಿದ್ದರೆ ಬಿಟ್ಟುಬಿಡುತ್ತಿದ್ದೆ. ಆದರೆ ನಾನು ಒಬ್ಬಳೇ ಹೊರಟರೆ ಗೇಟಿನ ತನಕ ಬಂದು ನಿಂತು ನೋಡುತ್ತಾನೆ. ಆ ಮುಖ ನೋಡಿದರೆ ಬೇಡ ಅನ್ನುವವನ ಮುಖ ಅಲ್ಲ. ಬೇಕು, ಆಗ್ತಿಲ್ಲ.

ಹಿಂದಿನ ಸೀಟು

ನಾನು ಆ ಮಗುವಿನ ಜಾಗದಲ್ಲಿ ಇದ್ದವಳು, ಹಾಗಾಗಿ ಹೇಳ್ತೀನಿ. ಚಿಕ್ಕವಳಿದ್ದಾಗ ಅಪ್ಪನ ಬೈಕಿನಿಂದ ಬಿದ್ದಿದ್ದೆ. ದೊಡ್ಡವರಿಗೆ ಗೊತ್ತಾಗದ ಒಂದು ವಿಷಯ ಇದೆ. ಹಿಂದೆ ಕೂತ ಮಗುವಿಗೆ ಕಾಣಿಸುವುದು ಒಂದು ಬೆನ್ನು. ಅಷ್ಟೇ. ರಸ್ತೆ ಕಾಣಲ್ಲ, ಹಂಪ್ ಕಾಣಲ್ಲ, ಎದುರಿಗೆ ಬರುವ ಗಾಡಿ ಕಾಣಲ್ಲ. ಹೆಲ್ಮೆಟ್ ಒಳಗೆ ಸದ್ದು ಬೇರೆ ಗುಂಯ್ ಅನ್ನುತ್ತದೆ. ಓಡಿಸುವವರಿಗೆ ಬ್ರೇಕ್ ಹಿಡಿಯುವುದು ತಾವೇ ಮಾಡುವ ಕೆಲಸ. ಹಿಂದೆ ಕೂತವರಿಗೆ ಅದು ಎಲ್ಲಿಂದಲೋ ಬಂದು ಬೀಳುವ ಪೆಟ್ಟು.

ನನಗೆ ಬಿದ್ದ ನೋವು ನೆನಪಿಲ್ಲ. ಆಮೇಲೆ ಪ್ರತಿ ತಿರುವಿನಲ್ಲೂ "ಈಗ ಬೀಳ್ತೀವಾ?" ಅಂತ ಕಾಯುತ್ತಿದ್ದುದು ಚೆನ್ನಾಗಿ ನೆನಪಿದೆ. ಬೈಕ್ ವಾಲಿದರೆ ನಾನು ಇನ್ನೊಂದು ಕಡೆಗೆ ವಾಲುತ್ತಿದ್ದೆ. ಅಪ್ಪ "ಅಲ್ಲಾಡಬೇಡ" ಅಂತ ಕೂಗುತ್ತಿದ್ದರು. ಅಲ್ಲಾಡದೇ ಇರಲು ಆಗುತ್ತಿರಲಿಲ್ಲ.

ಕೊನೆಗೆ ಸರಿಮಾಡಿದ್ದು ನನ್ನ ಚಿಕ್ಕಪ್ಪ. ಅವರು ಓಡಿಸುತ್ತಾ ಜೋರಾಗಿ ಹೇಳುತ್ತಾ ಹೋಗುತ್ತಿದ್ದರು. "ಹಂಪ್ ಬಂತು." "ಬಲಕ್ಕೆ ತಿರುಗ್ತೀವಿ." "ಬ್ರೇಕ್ ಹಿಡೀತೀನಿ." ಬೇರೇನೂ ಮಾಡಲಿಲ್ಲ. ಮುಂದೇನು ಅಂತ ಗೊತ್ತಾದರೆ ಮೈ ತಾನೇ ಸಡಿಲ ಆಗುತ್ತದೆ.

ಹಳೇ ಸವಾರ

ಹಿಂದಿನ ಸೀಟು ಅವರು ಹೇಳಿದ್ದರಲ್ಲಿ ಎಲ್ಲಾ ಬಂತು. ನಾನು ಬೈಕ್ ಕಲಿಸುವವನು. ದೊಡ್ಡವರನ್ನೂ ಹಿಂದೆ ಕೂರುವುದಕ್ಕೆ ತಯಾರು ಮಾಡಿದ್ದೇನೆ. ಹಿಂದೆ ಕೂತವನು ಮೂಟೆ ಅಲ್ಲ. ಅವನಿಗೂ ಕೆಲಸ ಕೊಡಿ. ಕೆಲಸ ಇರುವವನಿಗೆ ಹೆದರಲು ಪುರುಸೊತ್ತು ಕಡಿಮೆ.

ಮೊದಲು ಒಂದು ನೋಡಿ ಮೇಡಂ. ಸೀಟಿನಲ್ಲಿ ಹಿಂದಕ್ಕೆ ಸರಿದು ಕೂತಾಗ ಅವನ ಪಾದ ಫುಟ್‌ರೆಸ್ಟ್ ಮೇಲೆ ಗಟ್ಟಿಯಾಗಿ ಊರುತ್ತದಾ? ಬೆರಳ ತುದಿ ತಾಗುವುದಲ್ಲ, ಪಾದ ಊರಬೇಕು. ಬ್ರೇಕ್ ಹಿಡಿದಾಗ ಮುಂದಕ್ಕೆ ಜಾರದಂತೆ ಮೈ ತಡೆಯುವುದು ಕಾಲು. ಕಾಲು ಊರದ ಮಗುವಿಗೆ ಎಷ್ಟು ಧೈರ್ಯ ಹೇಳಿದರೂ ವ್ಯರ್ಥ, ಅದರ ಮೈಗೆ ಆಧಾರವೇ ಇಲ್ಲ. ಊರುವುದಿಲ್ಲ ಅಂದರೆ ಎಟುಕುವಷ್ಟು ಬೆಳೆಯುವ ತನಕ ಕಾಯಿರಿ. ಇದರಲ್ಲಿ ರಾಜಿ ಇಲ್ಲ. ಇನ್ನು ನಿಮ್ಮ ಊರಿನ ಕಾನೂನು ಮಕ್ಕಳನ್ನು ಕೂರಿಸುವ ಬಗ್ಗೆ ಏನು ಹೇಳುತ್ತದೋ ಅದನ್ನೂ ನೋಡಿಕೊಳ್ಳಿ.

ಕಾಲು ಊರುತ್ತದೆ ಅಂದರೆ ಮುಂದೆ ಓದಿ.

ಇಂಜಿನ್ ಆಫ್, ಸೆಂಟರ್ ಸ್ಟ್ಯಾಂಡ್ ಹಾಕಿ, ಸಮತಟ್ಟಾದ ಜಾಗದಲ್ಲಿ. ಹತ್ತುವುದು, ಇಳಿಯುವುದು ಮಾತ್ರ ಅಭ್ಯಾಸ. ನೀವು "ಹತ್ತು" ಅನ್ನುವ ತನಕ ಹತ್ತಬಾರದು, "ಇಳಿ" ಅನ್ನುವ ತನಕ ಇಳಿಯಬಾರದು. ಸೈಲೆನ್ಸರ್ ಇಲ್ಲದ ಬದಿಯಿಂದಲೇ. ಇದು ಆಟದ ಥರ ಕಾಣಬಹುದು, ಆದರೆ ಬೈಕಿನ ಮೇಲೆ ಕ್ರಮ ಇದೆ, ಗೊಂದಲ ಇಲ್ಲ ಅನ್ನುವುದು ಇಲ್ಲೇ ಅವನಿಗೆ ತಿಳಿಯುವುದು. ಇನ್ನೊಂದು ದಿನ ಅದೇ ಸ್ಟ್ಯಾಂಡ್ ಮೇಲೆ ನ್ಯೂಟ್ರಲ್‌ನಲ್ಲಿ ಇಂಜಿನ್ ಸ್ಟಾರ್ಟ್. ಸೀಟಿನ ನಡುಕ ಮೈಗೆ ಪಳಗಲಿ. ನೀವು ಮುಂದೆ ಕೂತೇ ಇರಬೇಕು. ಮಗುವನ್ನು ಕೂರಿಸಿ ಬೈಕ್ ತಳ್ಳಿಕೊಂಡು ಹೋಗುವ ಐಡಿಯಾ ಯಾರಾದರೂ ಕೊಡಬಹುದು. ಮಾಡಬೇಡಿ. ತಳ್ಳುವಾಗ ಬೈಕ್ ಆ ಕಡೆ ವಾಲಿದರೆ ಹಿಡಿಯಲು ಆಗಲ್ಲ.

ಆಮೇಲೆ ಗಾಡಿ ಓಡಾಡದ ಖಾಲಿ ಜಾಗ. ನೇರ ಗೆರೆ. ಇಲ್ಲಿ ತುಂಬಾ ಜನ "ನಿಧಾನ, ನಿಧಾನ" ಅಂತ ನಡೆಯುವ ವೇಗದಲ್ಲಿ ಓಡಿಸುತ್ತಾರೆ. ಅಷ್ಟು ನಿಧಾನಕ್ಕೆ ಹೋದರೆ ಬೈಕ್ ಓಲಾಡುತ್ತದೆ. ಮಗುವಿಗೆ ಆ ಓಲಾಟವೇ "ಬೀಳ್ತೀವಿ" ಅನ್ನುವ ಸೂಚನೆ. ಗಂಟೆಗೆ 15-20 ಕಿಲೋಮೀಟರ್ ಇರಲಿ. ಬೈಕ್ ತಾನೇ ನೆಟ್ಟಗೆ ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿಯೂ ಬೇಡ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಒಂದು ಸಂಜ್ಞೆ. ಅವನ ಕೈ ನಿಮ್ಮ ಹೊಟ್ಟೆ ಸುತ್ತ ಇರುತ್ತದೆ. ಕೈ ಬಿಡದೇ ಅಂಗೈಯಿಂದ ಎರಡು ಸಲ ತಟ್ಟಿದರೆ "ನಿಲ್ಲಿಸು". ತಟ್ಟಿದ ತಕ್ಷಣ "ಸರಿ" ಅಂತ ಕೂಗಿ ಹೇಳಿ. ಸುರಕ್ಷಿತವಾದ ಮೊದಲ ಜಾಗದಲ್ಲಿ ನಿಲ್ಲಿಸಿ. ಯಾಕೆ ಅಂತ ಕೇಳಬೇಡಿ. "ಇನ್ನೊಂಚೂರು ಹೋಗೋಣ" ಅನ್ನಲೇಬೇಡಿ. ಒಂದು ಸಲ ಅವನು ತಟ್ಟಿ ನೀವು ನಿಲ್ಲಿಸಲಿಲ್ಲ ಅಂದರೆ ಮುಗಿಯಿತು, ಆಮೇಲೆ ಅವನು ತಟ್ಟುವುದೇ ಇಲ್ಲ, ಹತ್ತುವುದೂ ಇಲ್ಲ.

ನಾಲ್ಕನೇ ಗೇರ್

ಸರ್, ಹೀಗೆ ಮಾಡಿದರೆ ಅವನು ಪ್ರತಿ ಹತ್ತು ಅಡಿಗೂ ತಟ್ತಾನೆ. ಎಲ್ಲಿಗೂ ತಲುಪಲ್ಲ.

ಹಳೇ ಸವಾರ

ತಟ್ಟಲಿ. ನಿಜವಾಗಿ ನಿಲ್ಲುತ್ತದಾ ಅಂತ ಪರೀಕ್ಷೆ ಮಾಡುತ್ತಿರುತ್ತಾನೆ. ನೀವಾದರೂ ಹೊಸ ಬೈಕಿನ ಬ್ರೇಕ್ ಪರೀಕ್ಷೆ ಮಾಡಲ್ವಾ?

ಸ್ಪ್ಯಾನರ್

ಮಗುವಿನ ಮಾತಾಯಿತು. ಬೈಕಿನ ಮಾತು ಯಾರೂ ಎತ್ತಲಿಲ್ಲ. ನಿಧಾನಕ್ಕೆ ಬಿದ್ದಿದ್ದರೂ ಹ್ಯಾಂಡಲ್ ಒಂಚೂರು ತಿರುಚಿರಬಹುದು, ಲಿವರ್ ಬಗ್ಗಿರಬಹುದು, ಹಿಂದಿನ ಫುಟ್‌ರೆಸ್ಟ್‌ನ ಬ್ರಾಕೆಟ್ ಬಿರುಕು ಬಿಟ್ಟಿರಬಹುದು. ಕೈಯಲ್ಲಿ ಒತ್ತಿ ನೋಡಿದರೆ ಸಾಲದು, ನಿಮ್ಮ ಕಾಲಿಟ್ಟು ಭಾರ ಹಾಕಿ ನೋಡಿ. ಟೈರಿನಲ್ಲಿ ಡೀಸೆಲ್ ಅಂಟು ಉಳಿದಿದ್ದರೆ ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಇಬ್ಬರು ಕೂತಾಗ ಹಿಂದಿನ ಟೈರಿಗೆ ಎಷ್ಟು ಗಾಳಿ ಅಂತ ಬೈಕಿನ ಪುಸ್ತಕದಲ್ಲೇ ಬರೆದಿರುತ್ತದೆ. ಗಾಳಿ ಕಡಿಮೆ ಇದ್ದರೆ ತಿರುವಿನಲ್ಲಿ ಹಿಂಭಾಗ ತೇಲಿದ ಹಾಗೆ ಆಗುತ್ತದೆ. ಅದು ಹಿಂದೆ ಕೂತವರಿಗೇ ಮೊದಲು ಗೊತ್ತಾಗುವುದು.

ಆ ಹೆಲ್ಮೆಟ್ ಎಸೆಯಿರಿ. ರಸ್ತೆಗೆ ಬಡಿದಿದೆ ಅಂದಿರಿ. ಒಳಗಿನ ಥರ್ಮಾಕೋಲ್ ಒಂದು ಸಲ ಜಜ್ಜಿಹೋಗಿ ಪೆಟ್ಟನ್ನು ನುಂಗುವುದಕ್ಕೆ ಅಂತಲೇ ಇರುವುದು. ಜಜ್ಜಿದ್ದು ಮತ್ತೆ ಉಬ್ಬಲ್ಲ. ಹೊರಗಿನಿಂದ ನೋಡಿದರೆ ಗೀರು ಮಾತ್ರ ಕಾಣಬಹುದು.

ನೈಟ್ ಶಿಫ್ಟ್

ಹೊಸ ಹೆಲ್ಮೆಟ್ ತರುವಾಗ ಅವನನ್ನೂ ಕರೆದುಕೊಂಡು ಹೋಗಿ. ಟೇಪನ್ನು ಹುಬ್ಬಿನ ಸ್ವಲ್ಪ ಮೇಲೆ ಸುತ್ತಿ ತಲೆಯ ಅಳತೆ ತೆಗೆಯಿರಿ. ಬೆಳೆಯುತ್ತಾನೆ ಅಂತ ದೊಡ್ಡ ಸೈಜ್ ತರಬೇಡಿ. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು. ಪಟ್ಟಿ ಹಾಕಿದ ಮೇಲೆ ಹೆಲ್ಮೆಟ್ಟಿನ ಹಿಂಬದಿ ಹಿಡಿದು ಮೇಲಕ್ಕೆ, ಮುಂದಕ್ಕೆ ಎಳೆಯಿರಿ. ಕಳಚಿ ಬಂದರೆ ಆ ಸೈಜ್ ಬೇಡ.

ಇನ್ನೊಂದು ವಿಷಯ. ಕೆಲವು ಮಕ್ಕಳಿಗೆ ಬಿದ್ದ ಮೇಲೆ ಭಯ ಕೂರುವುದು ಬೈಕಿನಲ್ಲಿ ಅಲ್ಲ, ಹೆಲ್ಮೆಟ್ ಒಳಗಿನ ಕತ್ತಲೆ ಮತ್ತು ಸೆಕೆಯಲ್ಲಿ. ಆ ಟಕ್ ಸದ್ದು ಅವನಿಗೆ ಕೇಳಿಸಿದ್ದು ಅದರೊಳಗೇ ಅಲ್ವಾ? ಮನೆಯಲ್ಲಿ ಟಿವಿ ನೋಡುವಾಗ ಸ್ವಲ್ಪ ಹೊತ್ತು ಹಾಕಿಕೊಂಡಿರಲಿ. ಮುಂದಿನ ಗಾಜು ಎತ್ತಿ, ಇಳಿಸಿ, ಅವನಿಗೆ ಬೇಕಾದ ಹಾಗೆ.

ಇಬ್ಬರು ಮಕ್ಕಳಪ್ಪ

ಮಧ್ಯೆ ಬಂದೆ, ಕ್ಷಮಿಸಿ. ನನ್ನ ಮಗಳಿಗೆ 4 ವರ್ಷ, ಹಿಂದೆ ಕೂರಲು ಹೆದರುತ್ತಾಳೆ. ಮುಂದೆ ಟ್ಯಾಂಕ್ ಮೇಲೆ ಕೂರಿಸಿದರೆ ಖುಷಿ. ರಸ್ತೆಯೂ ಕಾಣುತ್ತದೆ. ಹಾಗೆ ಶುರುಮಾಡಬಹುದಾ?

ಹಳೇ ಸವಾರ

ಬೇಡ. ರಸ್ತೆ ಕಾಣುತ್ತದೆ ನಿಜ, ಆದರೆ ಗಟ್ಟಿ ಬ್ರೇಕ್ ಹಿಡಿದರೆ ನಿಮ್ಮ ಮೈಭಾರ ಪೂರ್ತಿ ಆ ಮಗುವಿನ ಮೇಲೆ, ಮಗು ಹ್ಯಾಂಡಲ್ ಮೇಲೆ. ಹ್ಯಾಂಡಲ್ ತಿರುಗಿಸಲೂ ಅಡ್ಡಿ. 4 ವರ್ಷದವಳ ಕಾಲು ಹಿಂದೆಯೂ ಎಟುಕಲ್ಲ. ಅವಳ ಭಯಕ್ಕೆ ಅರ್ಥ ಇದೆ, ಅದನ್ನು ಹೋಗಲಾಡಿಸುವ ಕೆಲಸಕ್ಕೆ ಇಳಿಯಬೇಡಿ. ಪಟ್ಟಿಯಿಂದ ಮೈಗೆ ಕಟ್ಟಿಕೊಳ್ಳುವುದನ್ನೂ ನಾನು ಹೇಳಲ್ಲ. ಬಿದ್ದಾಗ ಮಗು ಬೈಕಿನಿಂದ ಬೇರೆಯಾಗುವ ಬದಲು ನಿಮ್ಮ ಕೆಳಗೇ ಸಿಕ್ಕಬಹುದು.

ಅಮ್ಮನ ಬೈಕು

ಎಲ್ಲರೂ ಇಷ್ಟು ವಿವರವಾಗಿ ಬರೆದಿದ್ದೀರಿ, ತುಂಬಾ ಉಪಕಾರ. ಇಲ್ಲಿ ತನಕ ಆಗಿದ್ದು ಹೇಳ್ತೀನಿ.

ಪಾದ ಊರುತ್ತದೆ, ನೋಡಿದೆ. ಹಳೆಯ ಹೆಲ್ಮೆಟ್ಟಿನ ಒಳಪದರ ಅವನ ಎದುರಿಗೇ ಬಿಚ್ಚಿದೆವು. ಒಂದು ಕಡೆ ಥರ್ಮಾಕೋಲ್ ಹೆಬ್ಬೆರಳು ಒತ್ತಿದಷ್ಟು ತಗ್ಗಾಗಿತ್ತು. ಅವನು ಅದರಲ್ಲಿ ಬೆರಳಿಟ್ಟು ನೋಡಿದ, ಆಮೇಲೆ ತನ್ನ ತಲೆ ಮುಟ್ಟಿಕೊಂಡ. "ಇದು ನನ್ನ ತಲೆಗೆ ಆಗ್ಬೇಕಿತ್ತಾ?" ಅಂದ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಹೂಂ ಅಂದೆ. ಅವನು ಅದನ್ನು ಇಟ್ಟುಕೊಳ್ತೀನಿ ಅಂತ ತನ್ನ ಕಪಾಟಿನಲ್ಲಿ ಇಟ್ಟಿದ್ದಾನೆ. ಹೊಸದನ್ನು ಹಾಕಿಕೊಳ್ಳಲು ಗಲಾಟೆ ಇಲ್ಲ.

ಸ್ಟ್ಯಾಂಡ್ ಮೇಲೆ ಹತ್ತಿಳಿಯುವುದನ್ನು ಮಾಡಿದೆವು. ಇಂಜಿನ್ ಸ್ಟಾರ್ಟ್ ಮಾಡಿದ ದಿನ ನನ್ನ ಹೊಟ್ಟೆ ಹಿಚುಕಿದ್ದು ನೋಡಬೇಕಿತ್ತು ನೀವು. ಆದರೆ ಇಳಿಯಲಿಲ್ಲ. ಖಾಲಿ ಮೈದಾನದಲ್ಲಿ ಹೊರಟ ಕೂಡಲೇ ತಟ್ಟಿದ. ನಿಲ್ಲಿಸಿದೆ. ಮತ್ತೆ ಹೊರಟೆ, ಮತ್ತೆ ತಟ್ಟಿದ. ಹೀಗೇ ಆಯಿತು. ಆಮೇಲಾಮೇಲೆ ತಟ್ಟಿ ಹಿಂದಿನಿಂದ ಕಿಸಿಕಿಸಿ ನಗುತ್ತಿದ್ದ. ಮರುದಿನ ತಟ್ಟುವುದು ಕಡಿಮೆಯಾಯಿತು.

ನಡುವೆ ನನ್ನ ಯಜಮಾನರು ಒಂದು ಕೆಲಸ ಮಾಡಿದರು. ತಾವೇ ನನ್ನ ಹಿಂದೆ ಕಣ್ಣು ಮುಚ್ಚಿಕೊಂಡು ಕೂತು ಮೈದಾನದಲ್ಲಿ ಒಂದು ಸುತ್ತು ಬಂದರು. ಇಳಿದವರೇ "ನೀನು ಎರಡನೇ ಗೇರಿಗೆ ಹಾಕುವಾಗ ಕ್ಲಚ್ ಸರಕ್ಕನೆ ಬಿಡ್ತೀಯ, ನನ್ನ ತಲೆ ಹಿಂದಕ್ಕೆ ಹೋಯ್ತು" ಅಂದರು. ಒಬ್ಬಳೇ ಓಡಿಸುವಾಗ ಅದು ಯಾವತ್ತೂ ಗೊತ್ತಾಗಿರಲಿಲ್ಲ.

ಹಳೇ ಸವಾರ

ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ಹೇಳಿ. ಇದನ್ನು ನಾನು ಇನ್ನು ಮುಂದೆ ಎಲ್ಲರಿಗೂ ಹೇಳಿಕೊಡ್ತೀನಿ.

ಮುಂದಿನದು ತಿರುವು. ಅವನು ಬಿದ್ದಿದ್ದು ಎಡಕ್ಕೆ. ಹಾಗಾಗಿ ಬಲ ತಿರುವು ಮೊದಲು, ಎಡ ಆಮೇಲೆ. "ವಾಲು" ಅಂತ ಹೇಳಬೇಡಿ, ಮಕ್ಕಳು ಜಾಸ್ತಿ ವಾಲಿಬಿಡುತ್ತಾರೆ. "ಯಾವ ಕಡೆ ತಿರುಗ್ತೀವೋ ಆ ಕಡೆಯ ನನ್ನ ಭುಜದ ಮೇಲಿಂದ ರಸ್ತೆ ನೋಡು" ಅನ್ನಿ. ಅಷ್ಟೇ ಸಾಕು. ತಲೆ ಆ ಕಡೆ ಬಂದರೆ ಮೈ ಎಷ್ಟು ಬೇಕೋ ಅಷ್ಟೇ ಬರುತ್ತದೆ, ಎದುರು ಕಡೆಗೆ ಎಳೆಯಲ್ಲ. ಅವನಿಗೆ ಬರೀ ಬೆನ್ನಿನ ಬದಲು ರಸ್ತೆಯೂ ಕಾಣುತ್ತದೆ.

ಅಮ್ಮನ ಬೈಕು

ಬರೆಯಲು ತಡವಾಯಿತು. ಚೆನ್ನಾಗಿ ನಡೆಯುತ್ತಿತ್ತು. ಭುಜದ ಮೇಲಿಂದ ನೋಡುವುದು ಅವನಿಗೆ ಎಷ್ಟು ಹಿಡಿಸಿತು ಅಂದರೆ "ಬಲ ಭುಜ", "ಎಡ ಭುಜ" ಅಂತ ತಾನೇ ಕೂಗುತ್ತಿದ್ದ. ಮನೆ ಹತ್ತಿರದ ಸಣ್ಣ ರಸ್ತೆಗೂ ಬಂದೆವು.

ಮೊನ್ನೆ ಒಬ್ಬರು ನಿಂತ ಕಾರಿನ ಮರೆಯಿಂದ ಏಕಾಏಕಿ ಅಡ್ಡ ಬಂದರು. ಗಟ್ಟಿ ಬ್ರೇಕ್ ಹಿಡಿದೆ. ಬೈಕ್ ನೆಟ್ಟಗೇ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಅವನ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಟಕ್ ಅಂತ ಬಡಿಯಿತು. ಅದೇ ಸದ್ದು. ಅಲ್ಲೇ ಇಳಿದು ಅತ್ತ. ಬೈಕನ್ನು ಅಲ್ಲೇ ಬದಿಗೆ ನಿಲ್ಲಿಸಿ ಇಬ್ಬರೂ ನಡೆದು ಮನೆಗೆ ಬಂದೆವು. ಈಗ ಮತ್ತೆ ಹೊಟ್ಟೆನೋವು. ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಆಯಿತಾ?

ಸಂಜೆಮಲ್ಲಿಗೆ

ಇಲ್ಲ. ನಡೆದು ಬಂದಿದ್ದು ತುಂಬಾ ಸರಿ. ಅವನು ಮಾತಿಲ್ಲದೆ ಎರಡು ಸಲ ತಟ್ಟಿದ, ನೀವು ನಿಲ್ಲಿಸಿದಿರಿ ಅಂತಲೇ ಲೆಕ್ಕ.

ಇದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಅಮೆರಿಕದ ಮೇರಿ ಕವರ್ ಜೋನ್ಸ್ ಅನ್ನುವ ಮನಶ್ಶಾಸ್ತ್ರಜ್ಞೆ 1924ರಲ್ಲಿ ಒಂದು ಮಗುವಿನ ಬಗ್ಗೆ ಬರೆದರು. ಬರಹದಲ್ಲಿ ಆ ಮಗುವಿನ ಹೆಸರು ಪೀಟರ್, ಇನ್ನೂ 3 ತುಂಬಿರಲಿಲ್ಲ. ಮೊಲ ಕಂಡರೆ ವಿಪರೀತ ಭಯ. ಹೆದರದ ಬೇರೆ ಮಕ್ಕಳ ಜೊತೆ ಆಡಲು ಬಿಟ್ಟು ಅಲ್ಲಿ ಮೊಲ ಇಡುತ್ತಿದ್ದರು. ಮಗು ಸುಧಾರಿಸುತ್ತಾ ಬಂತು. ಅಷ್ಟರಲ್ಲಿ ಕಾಯಿಲೆ ಬಂದು ಆಸ್ಪತ್ರೆ ಸೇರಿತು. ವಾಪಸ್ ಬರುವಾಗ ಒಂದು ದೊಡ್ಡ ನಾಯಿ ಮೈಮೇಲೆ ಹಾರಿತು. ಭಯ ಮೊದಲಿದ್ದಷ್ಟೇ ಆಯಿತು. ಜೋನ್ಸ್ ಕೈಬಿಡಲಿಲ್ಲ. ಮಗು ಇಷ್ಟದ ತಿಂಡಿ ತಿನ್ನುವಾಗ ಮೊಲದ ಪಂಜರವನ್ನು ಅದಕ್ಕೆ ತೊಂದರೆ ಆಗದಷ್ಟು ದೂರದಲ್ಲಿ ಇಟ್ಟು, ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲವನ್ನು ಮುಟ್ಟಿ ಮುದ್ದು ಮಾಡುತ್ತಿದ್ದ. ಹಿಮ್ಮೆಟ್ಟಿದ್ದು ಆ ಕಥೆಯಲ್ಲೂ ಇತ್ತು.

ನೀವೂ ಮೊದಲಿಂದ ಶುರುಮಾಡಿ, ಸ್ಟ್ಯಾಂಡ್ ಮೇಲಿಂದಲೇ. ಈ ಸಲ ಬೇಗ ಸಾಗುತ್ತದೆ ಅಂತ ನನ್ನ ನಂಬಿಕೆ. ಆದರೆ ಅವನಿಗೆ ಹಾಗೆ ಹೇಳಬೇಡಿ.

ಹಿಂದಿನ ಸೀಟು

ಆ ಟಕ್ ಸದ್ದನ್ನೇ ಆಟ ಮಾಡಿಬಿಡಿ ಅಕ್ಕ. ಮನೆಯೊಳಗೆ ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಮೆಲ್ಲಗೆ ಡಿಕ್ಕಿ ಆಡಿ. ಮೊದಲು ಅವನು ಬಡಿಯಲಿ. ತಾನೇ ಮಾಡಿದ ಸದ್ದಿಗೆ ಯಾರೂ ಹೆದರಲ್ಲ.

ಹಳೇ ಸವಾರ

ಮೈದಾನದಲ್ಲಿ ಬ್ರೇಕ್ ಅಭ್ಯಾಸವೂ ಮಾಡಿ. ಇದನ್ನು ಮೊದಲೇ ಮಾಡಿಸಲು ಹೇಳಬೇಕು ಅಂತಿದ್ದೆ, ತಿರುವಿನ ಮಾತಲ್ಲಿ ಬಿಟ್ಟುಹೋಯಿತು. "ಬ್ರೇಕ್" ಅಂತ ಕೂಗಬೇಕಾದವನು ಅವನು, ಹಿಡಿಯಬೇಕಾದವರು ನೀವು. ಮೊದಲು ಮೆತ್ತಗೆ. ಅವನು ಮಂಡಿಯಿಂದ ನಿಮ್ಮ ಸೊಂಟ ಒತ್ತಿ ಹಿಡಿದು, ಪಾದ ಊರಿ ತಡೆದುಕೊಳ್ಳುವುದನ್ನು ಕಲಿಯಬೇಕು. ಆಮೇಲೆ "ಬ್ರೇಕ್" ಜೊತೆ "ಮೆತ್ತಗೆ", "ಗಟ್ಟಿ" ಅಂತ ಅವನೇ ಸೇರಿಸಲಿ.

ನಾಲ್ಕನೇ ಗೇರ್

ಅಕ್ಕ, ನಾನು ಮೊದಲು ಹೇಳಿದ್ದು ನೋಡಿ ಬೈದುಕೊಂಡಿರ್ತೀರಿ. ಈಗಲೂ ನಾನು ಪೂರ್ತಿ ಒಪ್ಪಿಲ್ಲ, ನನಗಂತೂ ಅಪ್ಪ ಮಾಡಿದ್ದೇ ಸರಿಹೋಯ್ತು. ಆದರೆ ನಿನ್ನೆ ಅಪ್ಪನ ಹತ್ತಿರ ಈ ವಿಷಯ ತೆಗೆದೆ. "ಆಮೇಲೆ ಒಂದು ವರ್ಷ ನನ್ನ ಅಂಗಿ ಹಿಂದೆ ಹರಿಯೋ ಹಾಗೆ ಹಿಡ್ಕೊಂಡು ಕೂರ್ತಿದ್ದೆ, ಭಯ ಎಲ್ಲಿ ಹೋಗಿತ್ತು?" ಅಂದರು. ನನಗೆ ಅದು ನೆನಪೇ ಇಲ್ಲ ನೋಡಿ.

ಅಮ್ಮನ ಬೈಕು

ಬೈದುಕೊಂಡಿಲ್ಲಪ್ಪ.

ಹೆಲ್ಮೆಟ್ ಡಿಕ್ಕಿ ಆಟದಲ್ಲಿ ನನ್ನ ಕತ್ತು ನೋವು ಬಂದಿದೆ, ಅವನಿಗೆ ಸಾಕಾಗುತ್ತಿಲ್ಲ. "ಬ್ರೇಕ್ ಗಟ್ಟಿ" ಅಂತ ಕೂಗುವುದು ಈಗ ಅವನ ಇಷ್ಟದ ಭಾಗ. ಸಣ್ಣ ರಸ್ತೆಗೆ ವಾಪಸ್ ಬಂದಿದ್ದೇವೆ. ಬಿದ್ದ ತಿರುವಿಗೆ ನಡೆದುಕೊಂಡು ಹೋಗಿ ನೋಡಿಕೊಂಡೂ ಬಂದೆವು. ಅವನೇ ಕೇಳಿದ್ದು. ರಸ್ತೆ ಒಣಗಿತ್ತು. ಚಪ್ಪಲಿಯ ತುದಿಯಿಂದ ಉಜ್ಜಿ ನೋಡಿ "ಈಗ ಜಾರಲ್ಲ" ಅಂದ. ಬೈಕಿನಲ್ಲಿ ಅಲ್ಲಿಗೆ ಯಾವಾಗ ಹೋಗೋದು ಅಂತ ಅವನು ಹೇಳಿಲ್ಲ, ನಾನೂ ಕೇಳಿಲ್ಲ.

ಗಾರ್ಡ್ ಮೇಲಿನ ಗೀರಿಗೆ ಬಣ್ಣ ಹೊಡೆಸಲಾ ಅಂತ ಕೇಳಿದೆ. ಬೇಡವಂತೆ.

ಒಂದೇ ಪ್ರಶ್ನೆ ಉಳಿದಿದೆ. ಮಳೆ ಬಂದರೆ? ಬಿದ್ದಿದ್ದು ಒದ್ದೆ ರಸ್ತೆಯಲ್ಲಿ. ಮೋಡ ಕಂಡರೆ ಈಗಲೂ ಹತ್ತಲ್ಲ.

ಸ್ಪ್ಯಾನರ್

ಮೋಡ ಕಂಡರೆ ಹತ್ತದಿರುವುದು ಬುದ್ಧಿವಂತಿಕೆ. ನಾನೂ ಹತ್ತಲ್ಲ.

ಹಳೇ ಸವಾರ

ಅವಸರ ಬೇಡ ಮೇಡಂ. ಒಣ ರಸ್ತೆಯಲ್ಲಿ ಅವನು ಸಂಜ್ಞೆಯನ್ನೇ ಮರೆಯುವಷ್ಟು ಆರಾಮಾಗಲಿ. ಅಲ್ಲಿ ತನಕ ಮಳೆ ದಿನ ಬಸ್ಸು.

ಆಮೇಲೂ ಬಹಳ ದಿನ ಒಣಗಿದ ಮೇಲೆ ಬೀಳುವ ಮೊದಲ ಮಳೆಯಲ್ಲಿ ಮಾತ್ರ ಕರೆದುಕೊಂಡು ಹೋಗಬೇಡಿ. ರಸ್ತೆಗೆ ಅಂಟಿದ್ದ ಎಣ್ಣೆ, ಧೂಳು ಎಲ್ಲ ಮೇಲಕ್ಕೆ ತೇಲುತ್ತದೆ, ತುಂತುರಿಗೇ ಹೆಚ್ಚು ಜಾರುತ್ತದೆ. ಜೋರು ಮಳೆ ತೊಳೆದ ಮೇಲೆ ಹಿಡಿತ ಸ್ವಲ್ಪ ಮೇಲು. ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ, ಬಿದ್ದ ಎಲೆ, ಕಾಮನಬಿಲ್ಲಿನ ಬಣ್ಣ ಹೊಳೆಯುವ ಜಾಗ, ಇವುಗಳ ಮೇಲೆ ತಿರುಗಿಸಬಾರದು, ಬ್ರೇಕ್ ಹಿಡಿಯಬಾರದು. ಇದನ್ನು ಅವನಿಗೂ ಕಲಿಸಿ. ಮೊದಲು ನಡೆದುಕೊಂಡು ಹೋಗುವಾಗಲೇ ರಸ್ತೆಯಲ್ಲಿ ಅಂಥ ಜಾಗ ಹುಡುಕಿ ತೋರಿಸುವ ಕೆಲಸ ಅವನಿಗೆ ಕೊಡಿ. ಡೀಸೆಲ್ ಆದರೆ ಮೂಗಿಗೇ ಮೊದಲು ಗೊತ್ತಾಗುತ್ತದೆ, ಅದನ್ನೂ ಹೇಳಿಕೊಡಿ. ವಾಸನೆ ಬಂದರೆ ಎಕ್ಸಲರೇಟರ್ ಮೆಲ್ಲಗೆ ಇಳಿಸಬೇಕು, ಬೈಕ್ ನೆಟ್ಟಗೆ ಇರಬೇಕು, ಥಟ್ಟನೆ ಬ್ರೇಕ್ ಒತ್ತಬಾರದು.

ಅಮ್ಮನ ಬೈಕು

ಸರಿ ಸರ್. ಮೂಗಿನ ಕೆಲಸ ಅವನಿಗೆ ಈಗಲೇ ಕೊಟ್ಟೆ. ಪಕ್ಕದಲ್ಲೇ ಕೂತು ಓದುತ್ತಿದ್ದಾನೆ. "ಹೆಲ್ಮೆಟ್ ಗಾಜು ಮುಚ್ಚಿದ್ರೆ ವಾಸನೆ ಬರುತ್ತಾ?" ಅಂತ ನಿಮ್ಮನ್ನೇ ಕೇಳಬೇಕಂತೆ.

ಹಳೇ ಸವಾರ

ಬರುತ್ತೆ ಮರಿ. ಗಲ್ಲದ ಹತ್ತಿರ ಗಾಳಿ ಕಿಂಡಿ ಇರುತ್ತಲ್ಲ, ಅದನ್ನು ತೆಗೆದಿಟ್ಟುಕೋ.